ಹನ್ನೊಂದು ಹೆಸರಿನ ಒಂದು ನಂಬರು

ಫೋನು ಬಂದಾಗ ಸೌಭಾಗ್ಯ ಹುಳುವಿನ ಮನೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳು, ಹಾಕಿದಷ್ಟೂ ಸಾಲದು. ಸಾಲದೆಂದೇ ಗಂಡ ಯೋಗೀಶ ನಸುಕಿನಲ್ಲಿ ಎದ್ದು ಪಕ್ಕದೂರಿನ ತೋಟಕ್ಕೆ ಸೊಪ್ಪು ತರಲು ಹೋಗಿದ್ದ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನು ನಡುಗಿದ್ದೇ ತಡ ಅವಳ ಎದೆಯೊಳಗೆ ಏನೋ ಕುಪ್ಪಳಿಸಿತು. ಆ ನಂಬರಿನ ಮೊದಲ ನಾಲ್ಕು ಅಂಕಿ ಕಂಡರೆ ಸಾಕು, ಬೇರೆ ಯಾರೂ ಅಲ್ಲ, ಅವಳೇ. ಸೌಭಾಗ್ಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಹಣೆಯ ಮೇಲಿನ ಕೂದಲು ಸರಿಮಾಡಿಕೊಂಡಳು. ಫೋನಿನಲ್ಲಿ ಯಾರು ಕಾಣುತ್ತಾರೆ, ಆದರೂ ಸರಿಮಾಡಿಕೊಂಡಳು. ಇವತ್ತು ತಾನು ಯಾರೆಂಬುದು ಅವಳಿಗಿನ್ನೂ ಗೊತ್ತಿರಲಿಲ್ಲ, ಮಜಾ ಇದ್ದದ್ದೇ ಅಲ್ಲಿ. ಆ ಕಡೆಯ ಹುಡುಗಿ ಒಂದು ಹೆಸರು ಹೇಳಬೇಕು, ಈ ಕಡೆ ಇವಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಅವಳಾಗಬೇಕು. ಒಂದು ದಿನ ಮೂರು ತಿಂಗಳ ವಾಂತಿ, ಇನ್ನೊಂದು ದಿನ ಹೆತ್ತು ಹದಿನೈದು ದಿನವಾದ ಹಸಿ ಬಾಣಂತಿ. ನಲವತ್ತೊಂದು ವರ್ಷದ, ಒಂದು ಸಲವೂ ಹೊಟ್ಟೆ ನಿಲ್ಲದ ಸೌಭಾಗ್ಯಳ ಒಂದು ನಂಬರಿನಲ್ಲಿ ಹನ್ನೊಂದು ಬಸುರಿ ಬಾಣಂತಿಯರು ವಾಸವಾಗಿದ್ದರು.

"ವನಿತಾ ಅಕ್ಕಾರೇನ್ರಿ? ನಾನ್ರಿ, ಭವ್ಯಾ, ಕಾಲ್ ಸೆಂಟರಿನಾಕಿ."

"ಹ್ಞೂಂ ಕಣಮ್ಮ, ಹೇಳು." ಹೇಳುತ್ತಲೇ ಸೌಭಾಗ್ಯ ಕಾಲು ಅಗಲಿಸಿ ಗೋಡೆಗೊರಗಿದಳು, ಒಂದು ಕೈ ಸೊಂಟಕ್ಕೆ ಹೋಯಿತು, ಉಸಿರು ತಾನಾಗಿ ಭಾರವಾಯಿತು. ವನಿತಾ ಎಂದರೆ ಒಂಬತ್ತನೇ ತಿಂಗಳು. ಹನ್ನೊಂದರಲ್ಲಿ ಅವಳಿಗೆ ಹೆಚ್ಚು ಇಷ್ಟವಾದ ಬಸುರು.

"ಊಟ ಮಾಡೀರೇನ್ರಿ?"

"ಮಾಡ್ದೆ ಕಣಮ್ಮ. ಮುದ್ದೆ, ಹುರುಳಿಕಾಳು ಸಾರು. ಒಂದು ಸಾಕು ಅಂದ್ರೆ ನಮ್ಮತ್ತೆ ಬಿಡಾಕಿಲ್ಲ, ಇನ್ನೊಂದು ಉಣ್ಣು ಅಂತ ಜೀವ ತಿಂತಾರೆ."

"ಚಲೋ ಆತು ಬಿಡ್ರಿ. ಕೂಸು ಒದೀತೈತೇನ್ರಿ?"

"ಅಯ್ಯೋ, ಅದನ್ನೇನು ಕೇಳ್ತೀಯ! ಮಗ್ಗುಲು ತಿರುಗಾಕೂ ಬಿಡಲ್ಲ. ಇಷ್ಟು ತರಲೆ ಇರೋದು ನೋಡಿದ್ರೆ ಅವರಪ್ಪನ ಥರಾನೇ."

ಆ ಕಡೆ ಭವ್ಯಾ ನಕ್ಕಳು. ಬೆಳುಗುಪ್ಪದ ಹುಡುಗಿ, ರಾಯದುರ್ಗದಲ್ಲಿ ಓದಿ, ಈಗ ಯಾವುದೋ ದೊಡ್ಡ ಊರಿನ ಮಹಡಿಯಲ್ಲಿ ಕಿವಿಗೆ ಮೈಕು ಸಿಕ್ಕಿಸಿಕೊಂಡು ದಿನಕ್ಕೆ ನೂರಿಪ್ಪತ್ತು ಬಸುರಿಯರಿಗೆ ಫೋನು ಮಾಡುತ್ತಾಳೆ. ಅವಳ ಪರದೆಯ ಮೇಲೆ ಹೆಸರು ಮಾತ್ರ ಬರುತ್ತದೆ, ನಂಬರಲ್ಲ; ಹೆಸರಿಗೊಂದು ದನಿ ಮಾಡುವುದು ಸೌಭಾಗ್ಯಳಿಗೆ ಕಷ್ಟವಿರಲಿಲ್ಲ. ಗಡಿಯ ಈ ಕಡೆ ಆಂಧ್ರ, ಸರಕಾರದ ಮಾತು ತೆಲುಗು, ಹಾಗಾಗಿ ಮೊದಮೊದಲು ಇಬ್ಬರೂ ತೆಲುಗಿನಲ್ಲೇ ಮಾತಾಡುತ್ತಿದ್ದರು. ಒಂದು ದಿನ, ಆಗ ಸೌಭಾಗ್ಯ ಜುಂಜಮ್ಮ ಆಗಿದ್ದಳು, ಮಾತಿನ ನಡುವೆ ಒಲೆಯ ಮೇಲಿನ ಹಾಲು ಉಕ್ಕಿ "ಅಯ್ಯಯ್ಯಪ್ಪಾ, ಹಾಲೆಲ್ಲಾ ಹೋಯ್ತಲ್ಲಪ್ಪೋ" ಎಂದು ಕೂಗಿಕೊಂಡಿದ್ದೇ ತಡ, ಆ ಕಡೆಯಿಂದ "ಅಯ್ಯ, ನೀವು ಕನ್ನಡದವ್ರೇನ್ರಿ!" ಎಂಬ ಹಿಗ್ಗು ಕೇಳಿಸಿತು. ಅಂದಿನಿಂದ ಆ ಊರಿನ ಎಲ್ಲ ಹೆಸರಿಗೂ ತೆಲುಗು ಹೋಗಿ ಕನ್ನಡ ಬಂತು, ಕನ್ನಡ ಬಂದಮೇಲೆ ಊಟದ ವಿಚಾರ ಬಂತು. ಈ ಭೂಮಿಯ ಮೇಲೆ ಸೌಭಾಗ್ಯಳನ್ನು ಊಟವಾಯಿತೇ ಎಂದು ಕೇಳುವವರು ಬೇರೆ ಯಾರಿದ್ದರು? ಯೋಗೀಶ ಒಳ್ಳೆಯವನೇ. ಆದರೆ ಅವನು ಕೇಳುವುದು ಹುಳಕ್ಕೆ ಹಾಕಿದೆಯಾ ಎಂದು.

"ಅಕ್ಕಾ, ಒಂದು ಕೇಳಬೇಕಿತ್ರಿ," ಭವ್ಯಾಳ ದನಿ ಸಣ್ಣಗಾಯಿತು. "ಹನ್ನೆರಡು ದಿನದ ಹಿಂದ ನಾ ಹೇಳಿದ್ನಲ್ರಿ, ನಿಮ್ಮ ರಕ್ತ ಹನ್ನೊಂದು ಇರಬೇಕಾದ್ದು ಐದು ಪಾಯಿಂಟ್ ಎಂಟು ಐತಿ, ತಡ ಮಾಡಬ್ಯಾಡ್ರಿ, ಮಡಕಶಿರಾ ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ಹಾಕಿಸ್ಕೊಳ್ರಿ ಅಂತ. ನೀವು ಗಾಡಿ ಬಂದೈತಿ, ಹೊಂಟೀವಿ ಅಂದ್ರಿ. ಆದರ ಆಸ್ಪತ್ರೆ ಲಿಸ್ಟಿನ್ಯಾಗ ನಿಮ್ಮ ಹೆಸರೇ ಇಲ್ಲಲ್ರಿ, ಯಾಕ?"

ಸೌಭಾಗ್ಯಳ ಬಾಯಿಗೆ ತಡವರಿಸುವ ಅಭ್ಯಾಸವೇ ತಪ್ಪಿಹೋಗಿತ್ತು. "ನಾವು ಮಡಕಶಿರಾಕ್ಕೆ ಹೋಗ್ಲಿಲ್ಲ ಕಣಮ್ಮ. ಸಿರಾ ಕಡೆ ಹೋದ್ವಿ, ನಮ್ಮ ತವರೋರು ಅಲ್ಲೇ ಅಲ್ವಾ. ಎರಡು ಬಾಟ್ಲು ರಕ್ತ ಹಾಕಿದ್ರು. ಈಗ ಮೆಟ್ಲು ಹತ್ತಿ ಇಳೀತೀನಿ, ಕುದುರೆ ಆಗೀನಿ."

"ಕರ್ನಾಟಕಕ್ಕ ಹೋಗಿದ್ರೇನ್ರಿ! ಹಂಗಾರ ನಮ್ಮದ್ರಾಗ ತೋರ್ಸಂಗಿಲ್ಲ ಬಿಡ್ರಿ. ನಾನಾ ಹಾಕ್ತೀನಿ, ಎರಡು ಬಾಟ್ಲು ಅಂತ. ಅಪ್ಪಾ, ಜೀವ ಬಂತು ನೋಡ್ರಿ ನನಗ. ಹೋದ ಶನಿವಾರ ನೇಮಕಲ್ಲಿಗೆ ಹೋಗಿದ್ನಿ, ಆಂಜನೇಯಗ ನಿಮ್ಮ ಹೆಸರ್ಲೆ ಒಂದು ಕಾಯಿ ಒಡಿಸಿದ್ನಿ." ಟಕಟಕ ಒತ್ತಿದ ಸದ್ದು, ಫೋನು ಕಟ್ಟಾಯಿತು.

ಸೌಭಾಗ್ಯ ನಗುತ್ತಲೇ ಇದ್ದಳು. ನನ್ನ ಹೆಸರಿನಲ್ಲಿ ಕಾಯಿ! ಒಂದು ಹಿಡಿ ಸೊಪ್ಪು ತೆಗೆದು ತಟ್ಟೆಯ ಮೇಲೆ ಹರಡಿದಳು, ಇನ್ನೊಂದು ಹಿಡಿ ತೆಗೆದಳು. ನನ್ನ ಹೆಸರಿನಲ್ಲಿ ಅಂದರೆ ಯಾರ ಹೆಸರಿನಲ್ಲಿ? ಹುಳು ಸರಸರ ಮೇಯುತ್ತಿದ್ದವು. ಹಿಡಿದ ಸೊಪ್ಪು ಹಿಡಿದಂತೆಯೇ ನಿಂತಿತು. ಐದು ಪಾಯಿಂಟ್ ಎಂಟು ಯಾರದು? ಅವಳು ತನ್ನ ಹೊಟ್ಟೆಯನ್ನು ನೋಡಿಕೊಂಡಳು, ಸೀರೆಯ ನೆರಿಗೆಯೊಳಗೆ ಚಪ್ಪಟೆ ಹೊಟ್ಟೆ. ನನ್ನದಲ್ಲವಲ್ಲ. ಹಾಗಾದರೆ ಅದು ಎರಡು ಕಿಲೋಮೀಟರ್ ಆಚೆ, ಕಡಲೆಕಾಯಿ ಹೊಲಗಳನ್ನು ದಾಟಿದರೆ ಸಿಗುವ ಹಟ್ಟಿಯಲ್ಲಿ, ಈಶ್ವರಮ್ಮನ ಸೊಸೆ, ನಿಜವಾದ ವನಿತಾ, ಆ ತೆಳ್ಳನೆ ಹುಡುಗಿಯ ಮೈಯಲ್ಲಿ ಹರಿಯುತ್ತಿರುವ, ಅಲ್ಲ, ಹರಿಯಲಾರದೆ ಇರುವ ರಕ್ತ. ಆ ಹುಡುಗಿಗೆ ಹೇಳಿದೆಯಾ ಸೌಭಾಗ್ಯ? ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಮರೆತೆ. ಅಯ್ಯೋ ನನ್ನ ಬಾಯಿಗೆ ಮಣ್ಣು ಬೀಳ, ಮರೆತೇಬಿಟ್ಟೆ.

ಮರೆತದ್ದು ಹೇಗೆಂದು ಕೇಳಿದರೆ ನಾಚಿಕೆಯಾಗಬೇಕು. ಹನ್ನೆರಡು ದಿನದ ಹಿಂದೆ ಆಸ್ಪತ್ರೆಯಲ್ಲಿ ಆಶಾಗಳ ಮೀಟಿಂಗು, ಊರೂರಿನ ಬಸುರಿಯರನ್ನು ನೋಡಿಕೊಳ್ಳುವ ಕಾರ್ಯಕರ್ತೆಯರದು; ಸೌಭಾಗ್ಯಳೂ ಅವರಲ್ಲೊಬ್ಬಳು. ಕಂಪ್ಯೂಟರಿನ ನವೀನ್ ಗೋಡೆಯ ಮೇಲೆ ಪಟ್ಟಿ ಬೆಳಗಿಸಿದ್ದ. ಒಬ್ಬೊಬ್ಬ ಬಸುರಿಯ ಮುಂದೆ ಒಂದೊಂದು ಚೌಕ. ಕಾಲ್ ಸೆಂಟರಿನವರು ಕೇಳಿದಾಗ ಆಕೆ ಫೋನೆತ್ತಿ ಆಶಾ ಬಂದಿದ್ದಳು, ಎಲ್ಲಾ ಹೇಳಿದಳು ಎಂದರೆ ಹಸಿರು, ಎತ್ತದಿದ್ದರೆ ಕೆಂಪು. ಸೌಭಾಗ್ಯಳ ಪಟ್ಟಿಯಲ್ಲಿ ಗಂಡಂದಿರ ನಂಬರು ಕೊಟ್ಟಿದ್ದ ಮೂರೇ ಮೂರು ಹೆಂಗಸರಿದ್ದರು, ಮೂರೂ ಕೆಂಪು. ಸೌಭಾಗ್ಯ ಆ ಮೂವರ ಮನೆಗೆ ಬಿಸಿಲಲ್ಲಿ ನಾಲ್ಕು ನಾಲ್ಕು ಸಲ ಹೋಗಿ ಬಂದಿದ್ದಳು. ಗಂಡಂದಿರು ಟ್ರ್ಯಾಕ್ಟರಿನ ಮೇಲಿದ್ದರೆ ಫೋನು ಕೇಳಿಸುತ್ತದೆಯೆ? "ಎದ್ದು ನಿಂತ್ಕೊಳ್ಳಮ್ಮ. ನಿಂದು ಮೂರು ಕಡೆ ಕುಂಕುಮ ಎರಚಿದಂಗೈತೆ," ಎಂದ ನವೀನ್, ಅವಳ ತಮ್ಮನ ವಯಸ್ಸಿನವನು. ಹಿಂದಿನ ಬೆಂಚಿನವರು ಕಿಸಕ್ಕೆಂದರು. ನಿಂತಳು. ಕಾಲಬೆರಳು ನೋಡುತ್ತಾ ನಿಂತಳು. ಆಗ ಫೋನು ನಡುಗಿತು. ಅರ್ಜೆಂಟು ಎಂದು ಹೇಳಿ ಹೊರಗೆ ಬೇವಿನ ಮರದ ಕೆಳಗೆ ಓಡಿದಳು, ಓಡಿ ವನಿತಾ ಆದಳು. ಆ ನಾಲ್ಕು ನಿಮಿಷ! ಊಟ ಮಾಡೀರೇನ್ರಿ, ನಿದ್ದಿ ಬರ್ತೈತೇನ್ರಿ, ಕಾಲು ಬಾತಾವೇನ್ರಿ. ರಕ್ತ ಕಡಿಮೆ ಎಂದು ಭವ್ಯಾ ಹೆದರಿದ ದನಿಯಲ್ಲಿ ಹೇಳಿದಾಗ ಸೌಭಾಗ್ಯಳಿಗೆ ಭಯವಾಗುವುದಿರಲಿ, ತನಗಾಗಿ ಒಬ್ಬರು ಹೆದರುತ್ತಿದ್ದಾರಲ್ಲ ಎಂದು ಕಣ್ಣು ತುಂಬಿತು. "ನಮ್ಮೆಜಮಾನ್ರು ಗಾಡಿ ತಂದವ್ರೆ ಕಣಮ್ಮ, ಈಗ್ಲೇ ಹೊರಟ್ವಿ," ಎಂದಳು. ಬೇವಿನ ನೆರಳಿನಲ್ಲಿ ಅವಳಿಗೆ ಗಾಡಿ ಕಂಡಿತು, ಬಾಗಿಲು ತೆಗೆದು ಕೈಹಿಡಿದು ಹತ್ತಿಸುವ ಗಂಡ ಕಂಡ. ಒಳಗೆ ಬಂದಾಗ ವನಿತಾಳ ಚೌಕ ಹಸಿರಾಗಿತ್ತು. ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಆ ಗಾಡಿಯನ್ನೇ ಇನ್ನಷ್ಟು ನೆನೆದುಕೊಂಡು ಬಂದಳು. ಆ ಗಾಡಿಯಲ್ಲಿ ವನಿತಾಗೆ ಜಾಗವಿರಲಿಲ್ಲ.

ಈಗ ಅವಳು ಸೊಪ್ಪಿನ ಕುಕ್ಕೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಭವ್ಯಾಳ ನಂಬರನ್ನು ಒತ್ತಿದಳು. ಈ ನಂಬರಿಗೆ ಕರೆ ಮಾಡಲಾಗದು ಎಂದು ತೆಲುಗಿನಲ್ಲಿ ಒಂದು ಯಂತ್ರ ಹೇಳಿತು. ಮತ್ತೆ ಒತ್ತಿದಳು, ಮತ್ತೆ ಅದೇ. ಅಲ್ಲಿಂದ ಇಲ್ಲಿಗೆ ದಾರಿಯಿದೆ, ಇಲ್ಲಿಂದ ಅಲ್ಲಿಗೆ ಇಲ್ಲ. ಡಾಕ್ಟರಿಗೆ ಮಾಡಲೇ? ಮಾಡಿ ಏನು ಹೇಳಲಿ? ಸಾರ್, ನಾನೇ ವನಿತಾ ಅಂತ ಹೇಳಲೇ? ಕೆಲಸ ಹೋಗುತ್ತದೆ, ಹೋಗುವುದಷ್ಟೇ ಅಲ್ಲ, ಇಡೀ ಅಗಳಿ ಮಂಡಲದಲ್ಲಿ ಬಾಯಿಗೊಂದು ಕಥೆಯಾಗುತ್ತೇನೆ. ಬೇಡ. ಸುಮ್ಮನೆ ಹೋಗಿ, ವನಿತಾ, ರಿಪೋರ್ಟು ಈಗ ಬಂತು, ಏಳಮ್ಮ ಆಸ್ಪತ್ರೆಗೆ ಹೋಗೋಣ ಎಂದರೆ ಆಯಿತು. ಯಾರಿಗೂ ಗೊತ್ತಾಗುವುದಿಲ್ಲ. ಸಾಯಂಕಾಲದೊಳಗೆ ಎರಡು ಬಾಟಲಿ ನಿಜವಾಗಿಯೂ ಏರಿಬಿಟ್ಟರೆ ನಾನು ಹೇಳಿದ್ದು ಸುಳ್ಳೇ ಅಲ್ಲ, ಸ್ವಲ್ಪ ಮುಂಚೆ ಹೇಳಿದ ನಿಜ ಅಷ್ಟೆ. ಈ ಲೆಕ್ಕಾಚಾರದಿಂದ ಅವಳಿಗೆ ಎಷ್ಟು ಹುರುಪು ಬಂತೆಂದರೆ ಸೀರೆ ಎತ್ತಿಕಟ್ಟಿ ಹೊಲದ ಬದುವಿನ ಮೇಲೆ ಓಡತೊಡಗಿದಳು. ಓಡುತ್ತಾ ಅರ್ಧ ದಾರಿಯಲ್ಲಿ ನೆನಪಾಯಿತು: ಇವತ್ತು ಬುಧವಾರ. ಇವತ್ತು ವನಿತಾಗೆ ಮಡಿಲು ತುಂಬುವ ಶಾಸ್ತ್ರ. ಹನ್ನೆರಡಕ್ಕೆ ರಾಹುಕಾಲ, ಅದರೊಳಗೆ ಮಡಿಲು ತುಂಬಿ ತವರಿನವರು ಅವಳನ್ನು ಗಡಿಯಾಚೆ ಕರೆದುಕೊಂಡು ಹೋಗುತ್ತಾರೆ. ಆಚೆ ಹೋದರೆ ಈ ಕಡೆಯ ಯಾವ ಪಟ್ಟಿಯಲ್ಲೂ ಅವಳಿಲ್ಲ. ಆ ಕಡೆಯ ಪಟ್ಟಿಗೆ ಅವಳಿನ್ನೂ ಹುಟ್ಟೇ ಇಲ್ಲ. ಮೊದಲ ನೋವು ಬಂದು ರಕ್ತ ಹೋಗಲು ಶುರುವಾದಾಗ, ಹೋಗಲು ಮೈಯಲ್ಲಿ ಇರುವುದಾದರೂ ಎಷ್ಟು? ಕಾಲಿಗೆ ಕೂಳೆ ಚುಚ್ಚಿ ರಕ್ತ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

ಶಾಸ್ತ್ರಕ್ಕೆ ಅವಳನ್ನು ಕರೆದಿರಲಿಲ್ಲ. ಕರೆಯುವುದಿಲ್ಲ ಎಂದೂ ಯಾರೂ ಹೇಳಿರಲಿಲ್ಲ. ಮಕ್ಕಳಾಗದವಳನ್ನು ಇಂಥ ದಿನ ಮರೆತಂತೆ ಮಾಡುವುದು ಊರಿನ ಮರ್ಯಾದೆ, ಅಂಥ ದಿನ ತನಗೆ ಬೇರೆ ಕೆಲಸವಿದ್ದಂತೆ ಇರುವುದು ಅವಳ ಮರ್ಯಾದೆ. ಇದೇ ಮನೆಗೆ ಅವಳು ವನಿತಾಳ ಹೆಸರು ಬರೆದುಕೊಳ್ಳಲು ಬಂದಾಗ ಮೂರು ತಿಂಗಳು ತುಂಬದೆ ಹೊರಗೆ ಹೇಳಬಾರದು, ಕಣ್ಣು ತಾಗುತ್ತದೆ ಎಂದು ಈಶ್ವರಮ್ಮ ಬಾಗಿಲಲ್ಲೇ ನಿಲ್ಲಿಸಿದ್ದಳು. ಹನ್ನೆರಡು ವಾರದೊಳಗೆ ಬರೆಯದಿದ್ದರೆ ಚೌಕ ಕೆಂಪಾಗುತ್ತದೆ ಎಂದು ಇವಳು ಕಾಲಿಗೆ ಬೀಳುವುದೊಂದು ಬಾಕಿ. ಕೊನೆಗೆ ಒಪ್ಪಿದರು. ಆದರೆ ಮನೆಗೆ ಇರುವುದೊಂದೇ ಫೋನು, ಅದು ಗಂಡ ನರೇಶನ ಜೇಬಿನಲ್ಲಿ. ಅದಕ್ಕೆ ಬಂದ ಓಟಿಪಿಯನ್ನು ಹೇಳೆಂದರೆ ಮಾವ ಚಿಕ್ಕತಿಮ್ಮಯ್ಯ ಅಡ್ಡ ನಿಂತ. "ಓಟಿಪಿ ಯಾರಿಗೂ ಹೇಳ್ಬ್ಯಾಡ್ರಿ ಅಂತ ಟೀವಿನಾಗೆ ದಿನಾ ಬಡ್ಕಂತಾರೆ. ನೀನ್ಯಾರಮ್ಮ ಕೇಳಾಕೆ?" ಹಾಗಾಗಿ ವನಿತಾಳ ಹೆಸರಿನ ಮುಂದೆ ಸೌಭಾಗ್ಯಳ ನಂಬರು. ಜುಂಜಮ್ಮನಿಗೆ ಫೋನಿಲ್ಲ, ಸೌಭಾಗ್ಯಳ ನಂಬರು. ಸಣ್ಣೀರಮ್ಮನ ಗಂಡ ಕುಡಿದು ಫೋನು ಒಡೆದಿದ್ದ, ಸೌಭಾಗ್ಯಳ ನಂಬರು. ಅಕ್ಕಪಕ್ಕದ ಊರಿನ ಆಶಾಗಳೂ ಇದನ್ನೇ ಮಾಡುತ್ತಾರೆ. ಆದರೆ ಫೋನು ಬಂದಾಗ ಹ್ಞೂಂ, ಹ್ಞೂಂ ಎಂದು ಇಟ್ಟುಬಿಡುತ್ತಾರೆ. ಒದೆಯುವ ಕೂಸನ್ನು ಕಟ್ಟಿದವಳು ಇವಳೊಬ್ಬಳೇ.

ಮನೆಯ ಮುಂದೆ ಹೂವು ಸುತ್ತಿದ ಟ್ರ್ಯಾಕ್ಸು ಗಾಡಿ ನಿಂತಿತ್ತು. ನಡುಮನೆಯಲ್ಲಿ ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ, ಮಡಿಲಲ್ಲಿ ಅಕ್ಕಿ ಬೆಲ್ಲ ಕೊಬ್ಬರಿ. ವನಿತಾ ಮಣೆಯ ಮೇಲೆ ಕೂತಿದ್ದಳು. ಕೆನ್ನೆಗೆ ಹಚ್ಚಿದ ಅರಿಶಿನದ ಅಡಿಯಲ್ಲಿ ಮುಖ ಯಾವ ಬಣ್ಣವೆಂದು ಯಾರಿಗೆ ತಿಳಿಯಬೇಕು? ಹತ್ತಿಪ್ಪತ್ತು ಹೆಂಗಸರು ಒಮ್ಮೆಗೇ ಮಾತಾಡುತ್ತಿದ್ದರು. ಸೌಭಾಗ್ಯ ಹೊಸ್ತಿಲಲ್ಲಿ ಕಾಣಿಸಿದ್ದೇ ಮಾತು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಒಬ್ಬಳು ಅರಿಶಿನ ಕುಂಕುಮದ ತಟ್ಟೆಯನ್ನು ಇವಳ ಕೈಗೆಟುಕದಂತೆ ಮೆಲ್ಲಗೆ ಆಚೆ ಸರಿಸಿದಳು.

"ಈಶ್ವರಕ್ಕ, ಒಂದು ಮಾತು," ಎಂದಳು ಸೌಭಾಗ್ಯ ಏದುಸಿರು ಬಿಡುತ್ತ. "ವನಿತಾ ರಕ್ತದ ರಿಪೋರ್ಟು ಈಗ ಬಂತು. ಬಾಳ ಕಮ್ಮಿ ಐತೆ, ಐದು ಪಾಯಿಂಟ್ ಎಂಟು. ತವರಿಗೆ ಆಮ್ಯಾಲೆ ಹೋಗ್ಲಿ, ಮೊದ್ಲು ಮಡಕಶಿರಾಕ್ಕೆ ನಡೀರಿ."

"ಇದೇನವ್ವ ಶುಭದಾಗೆ ಅಪಶಕುನ!" ಈಶ್ವರಮ್ಮ ಎದ್ದೇಬಿಟ್ಟಳು. "ಮೊನ್ನೆ ಮೊನ್ನೆ ತಾನೇ ಆಸ್ಪತ್ರೇಲಿ ರಕ್ತ ಟೆಸ್ಟಿಗೆ ಕೊಟ್ಟು ಬಂದಳಲ್ಲ. ಕಮ್ಮಿ ಇದ್ದಿದ್ರೆ ಅವ್ರು ಹೇಳ್ತಿರ್ಲಿಲ್ವಾ?"

ಬಾಗಿಲಾಚೆ ಟ್ರ್ಯಾಕ್ಸಿಗೆ ಸಾಮಾನು ಹಾಕುತ್ತಿದ್ದ ನರೇಶ ಒಳಗೆ ಬಂದ. ಡಿಗ್ರಿ ಓದಿದವನು, ಕೂಗಾಡುವ ಜಾತಿಯಲ್ಲ. "ಎಲ್ಲಿ ಅಕ್ಕ, ತೋರ್ಸಿ," ಎಂದು ಕೈಚಾಚಿದ. ಫೋನು ಕೊಡದೆ ಇರುವುದು ಹೇಗೆ? ಕೊಟ್ಟಳು. ಅವನು ಆಶಾಗಳ ಆ್ಯಪಿನಲ್ಲಿ ವನಿತಾಳ ಹೆಸರು ತೆಗೆದ. ಮೇಲೆ ಹಸಿರು ಚೌಕ, ಕೆಳಗೆ ತೆಲುಗಿನ ಸಾಲು. "ರಕ್ತಂ ಎಕ್ಕಿಂಚಾರು, ರೆಂಡು ಬಾಟಿಲ್ಸ್," ಎಂದು ಗಟ್ಟಿಯಾಗಿ ಓದಿದ. "ಅಕ್ಕ, ರಕ್ತ ಹಾಕಿಸಿ ಆಗೈತೆ ಅಂತ ಇದ್ರಾಗೆ ಇದೆಯಲ್ಲ. ಇವತ್ತಿನ ತಾರೀಖು, ಹತ್ತೂ ಮುಕ್ಕಾಲು. ನಾವು ಎಲ್ಲೂ ಹಾಕ್ಸೇ ಇಲ್ವಲ್ಲ? ಯಾರದ್ದೋ ಇವಳ ಹೆಸರಿಗೆ ಬಂದೈತೆ. ನಿಮ್ಮ ಐದು ಪಾಯಿಂಟ್ ಎಂಟೂ ಹಂಗೇ ಯಾರದ್ದೋ ಇರ್ಬೇಕು. ಎರಡೂ ಸುಳ್ಳು, ಬಿಡಿ." ಹೆಂಗಸರು ನಿಟ್ಟುಸಿರು ಬಿಟ್ಟರು. "ಏಳವ್ವ, ಹೊತ್ತಾಯ್ತು," ಎಂದು ತವರಿನವರು ಎದ್ದರು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ.

ಸೌಭಾಗ್ಯ ನೋಡುತ್ತಾ ನಿಂತಳು. ತಾನು ಕಟ್ಟಿದ ಹಸಿರು ತನ್ನ ಎದುರಿಗೇ ಗೋಡೆಯಂತೆ ಎದ್ದು ನಿಂತಿತ್ತು, ಆ ಗೋಡೆಯ ಹಿಂದೆ ವನಿತಾ ಮಣೆಯಿಂದ ಏಳಲು ಎರಡು ಕೈಯನ್ನೂ ನೆಲಕ್ಕೆ ಊರುತ್ತಿದ್ದಳು. ಒಂದು ಸಲ ಊರಿದಳು, ಏಳಲಾಗಲಿಲ್ಲ. ಯಾರೋ ನಕ್ಕು, "ಅವಳಿ ಇರ್ಬೇಕು ಕಣೇ," ಎಂದರು. ಎರಡನೇ ಸಲ ಊರಿದಳು. ಈಗ ಹೊರಟುಬಿಟ್ಟರೆ, ಸೌಭಾಗ್ಯ, ನಿನ್ನ ಗುಟ್ಟು ಉಳಿಯುತ್ತದೆ. ಎಂಥಾ ಸುಲಭ! ಒಂದು ಹೆಜ್ಜೆ ಹಿಂದೆ ಇಟ್ಟರೆ ಹೊಸ್ತಿಲು, ಆಚೆ ಬಿಸಿಲು, ಮನೆಯಲ್ಲಿ ಹುಳು ಹಸಿದಿವೆ. ನಾಳೆ ಫೋನು ಬರುತ್ತದೆ, ಊಟ ಮಾಡೀರೇನ್ರಿ ಎಂದು ಕೇಳುತ್ತಾಳೆ. ಮುದ್ದೆಯ ಲೆಕ್ಕ ಹೇಳಬಹುದು. ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ತನ್ನೊಳಗೆ ಯಾರೋ ಒದ್ದರೆಂದೇ ಅವಳಿಗೆ ಅನಿಸಿತು.

"ಐದು ಪಾಯಿಂಟ್ ಎಂಟು ನಿಜ. ಎರಡು ಬಾಟ್ಲು ಸುಳ್ಳು," ಎಂದಳು. ದನಿ ಕೂಗಿದಂತೆ ಬಂತು. "ಆ ಸುಳ್ಳು ಹೇಳಿದ್ದು ನಾನು. ಫೋನಿನಾಗೆ ನಾನೇ ವನಿತಾ ಅಂತ ಮಾತಾಡ್ತಿದ್ದೆ. ಬೆಳಿಗ್ಗೆ ಕೇಳಿದ್ರು, ರಕ್ತ ಹಾಕಿಸ್ಕೊಂಡೆ ಅಂದ್ಬುಟ್ಟೆ. ಹನ್ನೆರಡು ದಿನದ ಹಿಂದೇನೇ ಹೇಳಿದ್ರು. ಇವಳಿಗೆ ಹೇಳೋದು ಮರ್ತೆ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ನರೇಶ ಫೋನನ್ನೂ ಅವಳನ್ನೂ ನೋಡಿದ, ಮತ್ತೆ ಫೋನು ನೋಡಿದ. ಮೊದಲು ಅರ್ಥವಾದದ್ದು ಜುಂಜಮ್ಮನಿಗೆ. ಮೂರನೆಯ ಮಗುವಿಗೆ ಹಾಲು ಕೊಡುತ್ತಾ ಮೂಲೆಯಲ್ಲಿ ಕೂತಿದ್ದವಳು. "ನನ್ನ ಹೆಸರಿನಾಗೂ ಮಾತಾಡಿದ್ಯೇನೇ?" ಸೌಭಾಗ್ಯ ತಲೆಯಾಡಿಸಿದಳು. "ಏನಂದೆ?" "ಹಾಲು ಚೆನ್ನಾಗಿ ಬರ್ತಾವೆ ಅಂದೆ." ಯಾರೋ ಪಕ್ಕನೆ ನಕ್ಕರು; ನಗು ಹಬ್ಬಿತು, ಹಬ್ಬಿ ಬೇರೆ ಏನೋ ಆಯಿತು. "ಹೊಟ್ಟೆಯಾಗೆ ಆಗ್ಲಿಲ್ಲ, ಬಾಯಾಗೆ ಹೆರ್ತಾವ್ಳೆ ನೋಡ್ರೇ," ಎಂದಿತು ಒಂದು ದನಿ. ಯಾರದೆಂದು ಅವಳು ನೋಡಲಿಲ್ಲ. ಇಷ್ಟು ದಿನ ಯಾವುದಕ್ಕೆ ಹೆದರಿದ್ದಳೋ ಆ ಮಾತು ಇದೇ. ಬಂತು, ತಾಗಿತು. ತಾಗಿದ ಮೇಲೂ ತಾನು ನಿಂತೇ ಇದ್ದೇನೆ ಎಂಬುದು ಅವಳಿಗೆ ಸೋಜಿಗವಾಯಿತು. ಅಷ್ಟೇ ಅಲ್ಲ, ಹಗುರ. ಮೈ ಹಗುರವಾಗಿ ಕಾಲು ತಾನಾಗಿ ಮುಂದೆ ಹೋಯಿತು. ತಟ್ಟೆ ಸರಿಸಿದವಳನ್ನು ದಾಟಿ, ಮಣೆಯ ಮುಂದೆ ಕೂತು, ವನಿತಾಳ ಕೆಳರೆಪ್ಪೆಯನ್ನು ಹೆಬ್ಬೆರಳಿಂದ ಎಳೆದು ಹಿಡಿದಳು.

"ನೋಡ್ರಿ ಈಶ್ವರಕ್ಕ. ನನ್ನ ನಂಬಬ್ಯಾಡ್ರಿ, ಫೋನು ನಂಬಬ್ಯಾಡ್ರಿ. ಇದನ್ನ ನೋಡ್ರಿ."

ಈಶ್ವರಮ್ಮ ಬಗ್ಗಿದಳು. ರೆಪ್ಪೆಯೊಳಗೆ ಕೆಂಪು ಇರಬೇಕಾದ ಜಾಗ ಬೆಂದ ಅಕ್ಕಿಯ ಹಾಗೆ ಬೆಳ್ಳಗಿತ್ತು. "ವನಿತಾ," ಎಂದಳು ಸೌಭಾಗ್ಯ, "ನಿಂಗೆ ಹೆಂಗಾಗ್ತೈತಮ್ಮ? ನೀನೇ ಹೇಳು." ಒಂಬತ್ತು ತಿಂಗಳಲ್ಲಿ ಅವಳು ಈ ಹುಡುಗಿಯನ್ನು ಇದನ್ನು ಕೇಳಿದ್ದು ಇದೇ ಮೊದಲು. ಫೋನಿಗೆ ತಾನೇ ಉತ್ತರ ಹೇಳುತ್ತಿದ್ದಾಗ ಕೇಳುವುದೇನಿತ್ತು?

ವನಿತಾ ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. "ನೀರು ತರಾಕೆ ಹೋದ್ರೆ ಕಣ್ಣು ಕತ್ಲೆ ಬರ್ತದೆ," ಎಂದಳು ಬಹಳ ಮೆಲ್ಲಗೆ. "ಎದೆ ಧಡಧಡ ಅಂತದೆ. ಎಲ್ರಿಗೂ ಹಿಂಗೇ ಆಗ್ತದೇನೋ ಅಂದ್ಕೊಂಡೆ. ಬೆಳಿಗ್ಗೆ ಸ್ನಾನದ ಮನೇಲಿ ಬಿದ್ದೆ ಅತ್ತೆ. ಶಾಸ್ತ್ರ ಅಂತ ಹೇಳ್ಲಿಲ್ಲ."

ಆಮೇಲೆ ಯಾರೂ ನಗಲಿಲ್ಲ. ಈಶ್ವರಮ್ಮ ಒಂದು ಗಳಿಗೆ ಸೌಭಾಗ್ಯಳನ್ನು ದುರುಗುಟ್ಟಿಕೊಂಡು ನೋಡಿದಳು, ಹೊಡೆಯುತ್ತಾಳೇನೋ ಎಂಬಂತೆ. ಹೊಡೆದಿದ್ದರೂ ಸರಿಯೇ. "ನಿನ್ನ ವಿಚಾರ ಆಮ್ಯಾಲೆ ನೋಡ್ಕಂತೀನಿ," ಎಂದಳು. "ಈಗ ಆ ಕಡೆ ತೋಳು ಹಿಡ್ಕೋ." ಒಂದು ತೋಳು ಅತ್ತೆ, ಒಂದು ತೋಳು ಸೌಭಾಗ್ಯ, ಮಡಿಲ ಅಕ್ಕಿ ನಡುಮನೆಯ ತುಂಬ ಚೆಲ್ಲುತ್ತಾ ಹೋಯಿತು. ಟ್ರ್ಯಾಕ್ಸಿನವನು ಮೂತಿಯನ್ನು ಗಡಿಯ ಕಡೆ ಮಾಡಿ ನಿಲ್ಲಿಸಿದ್ದ. ನರೇಶ ಕೂಗಿ ತಿರುಗಿಸಿದ. ಹೂವಿನ ಹಾರ ಗಾಳಿಗೆ ಪಟಪಟ ಹೊಡೆಯುತ್ತಾ ಮಡಕಶಿರಾದ ರಸ್ತೆ ಹಿಡಿಯಿತು. ಸೌಭಾಗ್ಯ ಹಿಂದಿನ ಸೀಟಿನಲ್ಲಿ ವನಿತಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನಮ್ಮೆಜಮಾನ್ರು ಗಾಡಿ ತಂದವ್ರೆ ಕಣಮ್ಮ ಎಂದು ಬೇವಿನ ಕೆಳಗೆ ಹೇಳಿದ ಗಾಡಿ ಇದೇ ಎಂದು ಅವಳಿಗೆ ತಟ್ಟನೆ ಹೊಳೆಯಿತು; ಗಂಡ ಮುಂದೆ ಕೂತಿದ್ದಾನೆ, ಬಸುರಿ ಮಲಗಿದ್ದಾಳೆ, ಎಲ್ಲ ಅವಳು ಕಟ್ಟಿದ ಹಾಗೆಯೇ, ತಾನು ಮಾತ್ರ ಜಾಗ ಬದಲಿಸಿದ್ದಾಳೆ. ಬೇಗ, ಬೇಗ ಎಂದು ಡ್ರೈವರನ ಬೆನ್ನು ತಟ್ಟಿದಳು. ಅವಳ ಮನಸ್ಸು ಗಾಡಿಗಿಂತ ಮುಂದೆ ಓಡುತ್ತಿತ್ತು. ಹೆದರಿಕೆಯೋ ಸಂತೋಷವೋ, ಎರಡೂ ಒಂದೇ ನೊಗದ ಎತ್ತುಗಳ ಹಾಗೆ ಎಳೆಯುತ್ತಿದ್ದವು.

ಆಸ್ಪತ್ರೆಯಲ್ಲಿ ಮತ್ತೆ ರಕ್ತ ತೆಗೆದರು. ಐದು ಪಾಯಿಂಟ್ ಒಂದು. ಡಾಕ್ಟರಮ್ಮ ಚೀಟಿ ನೋಡಿ, "ಇವಳನ್ನ ಇಷ್ಟು ದಿನ ಎಲ್ಲಿ ಇಟ್ಕೊಂಡಿದ್ರಿ?" ಎಂದು ಗದರಿದರು. ಇನ್ನೆರಡು ದಿನ ಬಿಟ್ಟು ತವರಿನಲ್ಲೆಲ್ಲೋ ನೋವು ಶುರುವಾಗಿದ್ದರೆ ತಾಯಿಯೂ ಇಲ್ಲ ಮಗುವೂ ಇಲ್ಲ ಎಂದರು. ಸೂಜಿ ಹಾಕಲು ಬಳೆ ಅಡ್ಡ ಬರುತ್ತಿತ್ತು. ಒಡೆಯಬೇಡಿ ಎಂದು ಈಶ್ವರಮ್ಮ ಕೈಮುಗಿದಳು. ಸೌಭಾಗ್ಯ ವನಿತಾಳ ಕೈಗೆ ಸೋಪುನೀರು ಹಚ್ಚಿ ಹದಿನೆಂಟು ಹಸಿರು ಬಳೆಗಳನ್ನು ಒಂದೊಂದಾಗಿ ಒಡೆಯದೆ ಕಳಚಿದಳು. ಮಧ್ಯಾಹ್ನ ಎರಡೂವರೆಗೆ ಮೊದಲ ಬಾಟಲಿ ಏರಿತು. ಕೊಳವೆಯಲ್ಲಿ ಕೆಂಪು ಇಳಿಯುವುದನ್ನು ಅವಳು ಬಿಟ್ಟಕಣ್ಣು ಬಿಟ್ಟಂತೆ ನೋಡಿದಳು. ಇಷ್ಟು ದಿನ ಕೆಂಪು ಎಂದರೆ ಅವಳಿಗೆ ಗೋಡೆಯ ಮೇಲಿನ ಚೌಕ, ಎದ್ದು ನಿಲ್ಲುವುದು, ಹಿಂದಿನ ಬೆಂಚಿನ ನಗು.

ಫೋನು ನಡುಗಿತು. ಆಸ್ಪತ್ರೆಗೆ ಸೇರಿದವರ ಹೆಸರು ಕಂಪ್ಯೂಟರಿಗೆ ಹೋದಕೂಡಲೇ ವಿಚಾರಿಸಲು ಒಂದು ಕರೆ ಬರುತ್ತದೆ. ವನಿತಾಳ ನಂಬರಿಗೆ, ಅಂದರೆ ಇವಳ ಸೊಂಟಕ್ಕೆ. ಎದೆಯೊಳಗೆ ಅದೇ ಕುಪ್ಪಳಿಕೆ. ಬೆರಳು ಒತ್ತಿತು, ಬಾಯಿ ಹ್ಞೂಂ ಕಣಮ್ಮ ಎನ್ನಲು ತೆರೆದೂಬಿಟ್ಟಿತು. ಹಲ್ಲು ಕಚ್ಚಿ ಫೋನನ್ನು ವನಿತಾಳ ಕಿವಿಯ ಬಳಿ ಹಿಡಿದಳು. "ಮಾತಾಡಮ್ಮ. ನಿನ್ನದೇ."

"ವನಿತಾ ಅಕ್ಕಾರೇನ್ರಿ?" ಆ ದನಿ ಹೊರಗೂ ಸಣ್ಣಗೆ ಕೇಳಿಸುತ್ತಿತ್ತು.

"ಹ್ಞೂಂ. ನಾನೇ ವನಿತಾ."

"ನಿಮ್ಮ ದನಿ ಬ್ಯಾರೆ ಆಗೈತಲ್ರಿ. ಏನಾತ್ರಿ? ಊಟ ಮಾಡೀರೇನ್ರಿ? ಕೂಸು ಒದೀತೈತೇನ್ರಿ?"

ವನಿತಾ ಸೂಜಿಯಿಲ್ಲದ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಒದೀತೈತೆ," ಎಂದಳು ನಾಚಿ. "ಈಗ ಒಂದ್ಸಲ ಒದೀತು." ಅಷ್ಟೇ. ಇಷ್ಟೇನಾ ಎಂದುಕೊಂಡಳು ಸೌಭಾಗ್ಯ; ನಾನಾಗಿದ್ದರೆ ಎಷ್ಟು ಚೆನ್ನಾಗಿ ಹೇಳುತ್ತಿದ್ದೆ, ಮಗ್ಗುಲು ತಿರುಗುವುದು, ಅವರಪ್ಪನ ತರಲೆ. ಹೊಟ್ಟೆಕಿಚ್ಚು ನಿಜವಾಗಿ ಹೊಟ್ಟೆಯಲ್ಲೇ ಉರಿಯಿತು. ಆದರೆ ಆ ಸೀರೆಯ ಕೆಳಗೆ ನಿಜವಾಗಿಯೂ ಏನೋ ಅಲುಗಿದ್ದನ್ನು ಅವಳು ಕಣ್ಣಾರೆ ನೋಡಿದಳು. ಫೋನು ತೆಗೆದುಕೊಂಡು ವರಾಂಡಕ್ಕೆ ಬಂದಳು.

"ಭವ್ಯಾ, ನಾನು."

ದನಿ ಗುರುತು ಸಿಕ್ಕದೆ ಇರುತ್ತದೆಯೆ? "ವನಿತಾ ಅಕ್ಕಾ?" ಎಂದಳು ಆ ಹುಡುಗಿ, ಈ ಸಲ ಕೇಳುವಂತೆ.

"ಅಲ್ಲಮ್ಮ. ಈಗ ಮಾತಾಡಿದ್ಲಲ್ಲ, ಅವಳು ವನಿತಾ. ನಾನು ಸೌಭಾಗ್ಯ, ಆಶಾ. ಬೆಳಿಗ್ಗೆ ಎರಡು ಬಾಟ್ಲು ಅಂದಿದ್ದು ಸುಳ್ಳು. ಮೊದಲ್ನೇ ಬಾಟ್ಲು ಈಗ ಹೋಗ್ತೈತೆ."

"ಅಕ್ಕಾ..." ಭವ್ಯಾ ತಡೆದಳು. "ಇದೆಲ್ಲ ರೆಕಾರ್ಡ್ ಆಗತೈತ್ರಿ."

"ಆಗ್ಲಿ ಬಿಡು. ಬರ್ಕೋ. ಜುಂಜಮ್ಮ ನಾನಲ್ಲ. ಸಣ್ಣೀರಮ್ಮ ನಾನಲ್ಲ. ಕರಿಯಮ್ಮ ನಾನಲ್ಲ, ಅವಳಿಗೆ ಕಾಲು ಬಾತಿಲ್ಲ ಅಂದಿದ್ದೆ, ಬಾತಾವೋ ಇಲ್ವೋ ನಾನು ನೋಡೇ ಇಲ್ಲ." ಒಂದೊಂದೇ ಹೆಸರು ಹೇಳುತ್ತ ಹೋದಳು. ಹೇಳಿದ ಹಾಗೆಲ್ಲ ಎಲ್ಲೋ ದೂರದ ಗೋಡೆಯ ಮೇಲೆ ಒಂದೊಂದೇ ಹಸಿರು ಕೆಂಪಾಗುತ್ತಿರುವುದು ಅವಳಿಗೆ ಕಾಣುತ್ತಿತ್ತು. ನಾಳೆ ನವೀನ್ ಎದ್ದು ನಿಲ್ಲಿಸುತ್ತಾನೆ, ನಿಲ್ಲಿಸುವುದಿರಲಿ, ಮನೆಗೇ ಕಳಿಸಬಹುದು. ಸೊಪ್ಪಿಲ್ಲದೆ ಹುಳು ಏನಾದವೋ, ಯೋಗೀಶ ಏನೆಂದುಕೊಂಡನೋ. ಹನ್ನೊಂದೂ ಮುಗಿದವು. ಟಕಟಕ ನಿಂತಿತು.

"ಹಂಗಾರ ನೇಮಕಲ್ಲಿನ್ಯಾಗ ನಾ ಕಾಯಿ ಒಡಿಸಿದ್ದು ಯಾರಿಗ್ರಿ?" ಎಂದಳು ಭವ್ಯಾ. ಕೋಪವೋ ಅಳುವೋ ತಿಳಿಯಲಿಲ್ಲ.

"ವನಿತಾಗೇ ಕಣಮ್ಮ. ಅವಳಿಗೇ ಬೇಕಾಗಿದ್ದಿದ್ದು. ಸರಿಯಾಗೇ ಹೋಗೈತೆ."

ಇಟ್ಟುಬಿಟ್ಟಳೆಂದು ಸೌಭಾಗ್ಯ ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಸೆಕೆಂಡುಗಳು ಇನ್ನೂ ಓಡುತ್ತಿದ್ದವು. ಮತ್ತೆ ಕಿವಿಗಿಟ್ಟುಕೊಂಡಳು.

"ಸೌಭಾಗ್ಯಕ್ಕಾ," ಎಂದಳು ಭವ್ಯಾ. ಆ ಬಾಯಿಂದ ಆ ಹೆಸರು ಮೊದಲ ಸಲ. "ನೀವು ಊಟ ಮಾಡೀರೇನ್ರಿ?"

ಯಾವ ಮುದ್ದೆಯೂ ಯಾವ ಸಾರೂ ಬಾಯಿಗೆ ಬರಲಿಲ್ಲ. ವರಾಂಡದ ಕಂಬ ಹಿಡಿದುಕೊಂಡಳು.

"ಇಲ್ಲ ಕಣಮ್ಮ," ಎಂದಳು. "ಬೆಳಿಗ್ಗೆಯಿಂದ ಇಲ್ಲ."